ಮಾನಸೋಲ್ಲಾಸದ ಮತ್ಸ್ಯವಿನೋದವೂ ಮಾಂಜರಾ ತೀರದ ಗಾಳಗಾರರೂ

೧. ಪ್ರಸ್ತಾವನೆ

ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವು ವಿದ್ವಾಂಸರಿಗೆ ಅಪರಿಚಿತವಾದ ಗ್ರಂಥವಲ್ಲ. ಸಂಗೀತಶಾಸ್ತ್ರದ ಇತಿಹಾಸವನ್ನು ಬರೆಯುವವರು ಅದರ ಗೀತವಾದ್ಯಗಳ ಅಧ್ಯಾಯಗಳನ್ನೂ, ಪಾಕಶಾಸ್ತ್ರದ ಇತಿಹಾಸವನ್ನು ಬರೆಯುವವರು ಅದರ ಅನ್ನಭೋಗವನ್ನೂ, ಚಿತ್ರಕಲೆಯನ್ನು ಕುರಿತು ಬರೆಯುವವರು ಅದರ ಚಿತ್ರಪ್ರಕರಣವನ್ನೂ ಪ್ರಮಾಣವಾಗಿ ಉದಾಹರಿಸುತ್ತ ಬಂದಿರುವರು. ಆದರೆ ಅದೇ ಗ್ರಂಥದಲ್ಲಿ ‘ಮತ್ಸ್ಯವಿನೋದ’ವೆಂಬುದೊಂದು ಅಧ್ಯಾಯವಿರುವುದೂ, ಅದರಲ್ಲಿ ಮೀನುಗಳ ಜಾತಿಭೇದ, ಅವುಗಳ ಆಹಾರ, ಗಾಳ ಹಾಕಿ ಹಿಡಿಯುವ ಕ್ರಮ ಇವು ಶಾಸ್ತ್ರೀಯವಾಗಿ ನಿರೂಪಿತವಾಗಿರುವುದೂ ನಮ್ಮ ಸಾಹಿತ್ಯಾಧ್ಯಾಪಕರ ಗಮನಕ್ಕೆ ಅಷ್ಟಾಗಿ ಬಂದಿಲ್ಲ. ಬಂದಾಗಲೂ ಈ ಅಧ್ಯಾಯದ ವಿಷಯದಲ್ಲಿ ಎರಡು ಬಗೆಯ ಮಾತುಗಳು ಕೇಳಿಬರುವುವು. ಇದು ಕೆಲಸವಿಲ್ಲದ ಅರಸನು ಹೊತ್ತುಗಳೆಯುವುದಕ್ಕಾಗಿ ಆಡಿದ ಆಟದ ವರ್ಣನೆ, ಇದರಲ್ಲಿ ವಿಚಾರಮಾಡತಕ್ಕದ್ದೇನೂ ಇಲ್ಲವೆಂಬುದು ಒಂದು. ಗಾಳದ ಬೇಟೆಯನ್ನು ಕುರಿತು ಲೋಕದಲ್ಲಿ ಹುಟ್ಟಿದ ಮೊಟ್ಟಮೊದಲನೆಯ ಶಾಸ್ತ್ರವು ಇದೇ ಎಂಬುದು ಇನ್ನೊಂದು. ಈ ಎರಡೂ ವಿಚಾರಕ್ಕೆ ನಿಲ್ಲತಕ್ಕವಲ್ಲ. ಹೀಗೆ ಹೇಳುವ ಇಬ್ಬರೂ ಕೇಳಬೇಕಾದ ಪ್ರಶ್ನೆಯೊಂದನ್ನು ಕೇಳದೆ ಬಿಟ್ಟಿರುವರು. ಅಧ್ಯಾಯದಲ್ಲಿರುವ ಜ್ಞಾನವು ಯಾರದು ಎಂಬುದೇ ಆ ಪ್ರಶ್ನೆ. ಅದನ್ನು ಪರಾಮರ್ಶಿಸುವುದೇ ಪ್ರಕೃತ ಲೇಖನದ ಉದ್ದೇಶವು.

೨. ಗ್ರಂಥವೂ ಗ್ರಂಥಕರ್ತನೂ

ಮೂರನೆಯ ಸೋಮೇಶ್ವರನು ಆರನೆಯ ವಿಕ್ರಮಾದಿತ್ಯನ ಮಗನು. ಕ್ರಿ. ಶ. ೧೧೨೬ರಿಂದ ೧೧೩೮ರ ವರೆಗೆ ಕಲ್ಯಾಣದಲ್ಲಿ ಆಳಿದನು. ಭೂಲೋಕಮಲ್ಲನೆಂಬುದೂ ಸರ್ವಜ್ಞಚಕ್ರವರ್ತಿಯೆಂಬುದೂ ಇವನ ಬಿರುದುಗಳು. ತಂದೆಯ ಆಸ್ಥಾನದಲ್ಲಿ ಬಿಲ್ಹಣನು ವಿಕ್ರಮಾಂಕದೇವಚರಿತವನ್ನೂ, ವಿಜ್ಞಾನೇಶ್ವರನು ಮಿತಾಕ್ಷರೆಯನ್ನೂ ಬರೆದರು. ಮಗನು ಸ್ವತಃ ಗ್ರಂಥಕರ್ತನಾದನು. ತಂದೆಯನ್ನು ಕುರಿತು ‘ವಿಕ್ರಮಾಂಕಾಭ್ಯುದಯ’ವನ್ನೂ, ಸಕಲ ವಿದ್ಯೆಗಳನ್ನು ಒಂದೆಡೆ ಕೂಡಿಸಿ ಮಾನಸೋಲ್ಲಾಸವನ್ನೂ ರಚಿಸಿದನು. ಈ ಎರಡನೆಯದಕ್ಕೆ ‘ಅಭಿಲಷಿತಾರ್ಥಚಿಂತಾಮಣಿ’ಯೆಂದೂ ಹೆಸರುಂಟು. ಗ್ರಂಥದಲ್ಲಿ ಜ್ಯೋತಿಷದ ಗಣಿತಕ್ಕಾಗಿ ಹೇಳಿರುವ ಶಕವರ್ಷ ೧೦೫೧, ಅಂದರೆ ಕ್ರಿ. ಶ. ೧೧೨೯, ಇದರ ರಚನಾಕಾಲವನ್ನು ಸೂಚಿಸುವುದು.

ಗ್ರಂಥವು ಐದು ವಿಂಶತಿಗಳಾಗಿ ವಿಭಾಗವಾಗಿದೆ. ಒಂದೊಂದು ವಿಂಶತಿಗೆ ಇಪ್ಪತ್ತರಂತೆ ಒಟ್ಟು ನೂರು ಅಧ್ಯಾಯಗಳು. ರಾಜ್ಯವನ್ನು ಪಡೆಯುವುದು, ಪಡೆದ ರಾಜ್ಯವನ್ನು ಸ್ಥಿರಗೊಳಿಸುವುದು, ಉಪಭೋಗ, ವಿನೋದ, ಕ್ರೀಡೆ ಎಂಬುದು ವಿಷಯಕ್ರಮವು. ನಾಲ್ಕನೆಯದಾದ ವಿನೋದವಿಂಶತಿಯಲ್ಲಿ ಗಜ, ತುರಗ, ಮಲ್ಲ, ಕುಕ್ಕುಟ, ಮೇಷ, ಮಹಿಷ ಮೊದಲಾದ ವಿನೋದಗಳು ಬಂದು, ಡೇಗೆಯ ಬೇಟೆಯಾದ ಶ್ಯೇನವಿನೋದಕ್ಕೂ ಮೃಗಬೇಟೆಗೂ ನಡುವೆ ಮತ್ಸ್ಯವಿನೋದವು ನಿಂತಿದೆ. ಆಕಾಶದ ಬೇಟೆ, ನೀರಿನ ಬೇಟೆ, ನೆಲದ ಬೇಟೆ ಎಂಬ ಈ ಅನುಕ್ರಮವು ಗ್ರಂಥಕರ್ತನ ಯೋಜನೆಯ ಅಚ್ಚುಕಟ್ಟಿಗೆ ಸಾಕ್ಷಿಯು.

ಮಾನಸೋಲ್ಲಾಸವನ್ನು ಜಿ. ಕೆ. ಶ್ರೀಗೊಂಡೇಕರರು ಸಂಪಾದಿಸಿ ಬಡೋದೆಯ ಗಾಯಕವಾಡ ಪ್ರಾಚ್ಯಗ್ರಂಥಮಾಲೆಯಲ್ಲಿ ೧೯೨೫ರಿಂದ ಮೂರು ಸಂಪುಟಗಳಾಗಿ ಪ್ರಕಟಿಸಿದರು. ಮೈಸೂರಿನಿಂದ ಆರ್. ಶಾಮಶಾಸ್ತ್ರಿಗಳು ಇದರ ಮೊದಲ ಭಾಗವನ್ನು ೧೯೨೬ರಲ್ಲಿ ಹೊರತಂದರು. ಕೌಟಿಲ್ಯನ ಅರ್ಥಶಾಸ್ತ್ರವನ್ನು ೧೯೦೯ರಲ್ಲಿ ಲೋಕಕ್ಕೆ ಕೊಟ್ಟ ಮಹನೀಯರೇ ಇವರು. ಪ್ರಾಣಿಶಾಸ್ತ್ರಜ್ಞರಾದ ಸುಂದರಲಾಲ ಹೋರಾ ಅವರು ೧೯೫೧ರಲ್ಲಿ ಮತ್ಸ್ಯವಿನೋದವನ್ನು ಕುರಿತು ಪ್ರತ್ಯೇಕ ಲೇಖನವನ್ನು ಬರೆದು ಅದರ ಮೀನುಗಳನ್ನು ಗುರುತಿಸಲು ಯತ್ನಿಸಿದರು. ೨೦೦೫ರಲ್ಲಿ ನಲಿನೀ ಸಾಧಲೆ ಮತ್ತು ವೈ. ಎಲ್. ನೆನೆ ಅವರು ಅದೇ ಕಾರ್ಯವನ್ನು ಮುಂದುವರಿಸಿದರು.

೩. ಅಧ್ಯಾಯದ ಸ್ವರೂಪ

ನಮ್ಮ ಪ್ರಾಚೀನ ರಾಜ್ಯವ್ಯವಸ್ಥೆಯು ಮೀನನ್ನು ಮೂರು ಬಗೆಯಾಗಿ ಕಂಡಿದೆ. ಅಶೋಕನು ಪಟ್ಟಾಭಿಷೇಕವಾಗಿ ೨೬ ವರ್ಷಗಳು ಕಳೆದ ಮೇಲೆ ಬರೆಯಿಸಿದ ಐದನೆಯ ಸ್ತಂಭಶಾಸನದಲ್ಲಿ, ಗೊತ್ತಾದ ಪರ್ವದಿನಗಳಲ್ಲಿ ಮೀನನ್ನು ಕೊಲ್ಲಬಾರದು, ಮಾರಲೂಬಾರದು ಎಂದು ವಿಧಿಸಿದನು. ಇದು ರಕ್ಷಣೆಯ ದೃಷ್ಟಿ. ಕೌಟಿಲ್ಯನು ನಾವಧ್ಯಕ್ಷಪ್ರಕರಣದಲ್ಲಿ, ಮೀನುಗಾರರು ದೋಣಿಯ ಬಾಡಿಗೆಯಾಗಿ ಹಿಡಿದುದರ ಆರರಲ್ಲೊಂದು ಪಾಲನ್ನು ಸಲ್ಲಿಸಬೇಕೆಂದು ಹೇಳಿದನು. ಇದು ಕಂದಾಯದ ದೃಷ್ಟಿ. ಸೋಮೇಶ್ವರನದು ವಿನೋದದ ದೃಷ್ಟಿ. ಮೊದಲಿಬ್ಬರಿಗೆ ಮೀನಿನ ಸ್ವಭಾವವನ್ನು ತಿಳಿಯಬೇಕಾದ ಅವಶ್ಯಕತೆಯು ಅಷ್ಟಾಗಿ ಇರಲಿಲ್ಲ. ನಿಷೇಧಕ್ಕೆ ತಿಥಿಯು ಸಾಕು, ಕಂದಾಯಕ್ಕೆ ತೂಕವು ಸಾಕು. ಗಾಳ ಹಾಕುವವನಿಗೆ ಮಾತ್ರ ಇವು ಯಾವುವೂ ಸಾಲವು. ಬಲೆಯಾದರೋ ಮೀನಿನ ಇಚ್ಛೆಯನ್ನು ಕೇಳುವುದಿಲ್ಲ. ಗಾಳಕ್ಕೆ ಮೀನು ತಾನಾಗಿ ಬರಬೇಕು. ಆದಕಾರಣ ಗಾಳದ ಶಾಸ್ತ್ರವು ಮೂಲತಃ ಮೀನಿನ ಮನೋಧರ್ಮದ ಶಾಸ್ತ್ರವೇ ಆಗುವುದು.

ಮತ್ಸ್ಯವಿನೋದದಲ್ಲಿ ಸುಮಾರು ೩೫ ಬಗೆಯ ಮೀನುಗಳು ಉಕ್ತವಾಗಿವೆ. ಅವುಗಳನ್ನು ಸಮುದ್ರದವು, ಸಿಹಿನೀರಿನವು ಎಂದೂ, ಪೊರೆಯುಳ್ಳವು, ಪೊರೆಯಿಲ್ಲದವು ಎಂದೂ, ಗಾತ್ರದಲ್ಲಿ ದೊಡ್ಡವು, ಸಣ್ಣವು ಎಂದೂ ವಿಭಾಗಿಸಿದೆ. ಬಳಿಕ ಮೀನುಗಳಿಗೆ ಆಹಾರವನ್ನು ಹಾಕುವ ವಿಚಾರವೂ, ಕೋಲು, ಹಗ್ಗ, ಗಾಳಗಳ ವಿಚಾರವೂ ಬರುವುವು. ಇಲ್ಲಿ ಗಮನಿಸತಕ್ಕದ್ದು ಏನೆಂದರೆ, ಆಹಾರವಿಚಾರವು ಗಾಳಕ್ಕೆ ಹತ್ತಿದ ಒಂದು ಉಪಾಂಗವಲ್ಲ, ಅಧ್ಯಾಯದ ಬೆನ್ನೆಲುಬೇ ಅದು. ಯಾವ ಮೀನು ಏನನ್ನು ತಿನ್ನುವುದೆಂಬುದನ್ನು ಅರಿಯದೆ ಕೋಲನ್ನು ಹಿಡಿದವನು ಈ ಶಾಸ್ತ್ರದ ಪ್ರಕಾರ ಗಾಳಗಾರನೇ ಅಲ್ಲ.

೪. ಕೋಶದ ಮೀನು, ನೀರಿನ ಮೀನು

ಈ ಜ್ಞಾನವು ಸೋಮೇಶ್ವರನಿಗೆ ಸಂಸ್ಕೃತ ವಾಙ್ಮಯದಿಂದ ದೊರೆಯಿತೆ? ನಾವು ಪಾಠಶಾಲೆಗಳಲ್ಲಿ ಬಾಯಿಪಾಠ ಮಾಡಿದ ಅಮರಕೋಶದ ವಾರಿವರ್ಗವನ್ನೇ ನೋಡಬಹುದು. ಝಷ, ಮತ್ಸ್ಯ, ಮೀನ, ವಿಸಾರ, ಶಕಲೀ ಎಂಬ ಪರ್ಯಾಯಪದಗಳೂ, ಪಾಠೀನ, ಶಫರೀ, ರೋಹಿತ, ಮದ್ಗುರ, ರಾಜೀವ, ಶಕುಲ ಎಂಬ ಜಾತಿನಾಮಗಳೂ ಅಲ್ಲಿ ಇವೆ. ಶಕಲೀ ಎಂದರೆ ಪೊರೆಯುಳ್ಳದ್ದು. ಕೋಶಕಾರನಿಗೆ ಅದು ಮೀನಿಗಿರುವ ಮತ್ತೊಂದು ಹೆಸರು ಮಾತ್ರ. ಸೋಮೇಶ್ವರನಿಗಾದರೋ ಪೊರೆಯಿರುವುದೂ ಇಲ್ಲದಿರುವುದೂ ಜಾತಿಗಳನ್ನು ಬೇರ್ಪಡಿಸುವ ಲಕ್ಷಣವು. ಒಬ್ಬನು ಶಬ್ದವನ್ನು ಎಣಿಸಿದನು, ಇನ್ನೊಬ್ಬನು ಮೀನನ್ನು ಎಣಿಸಿದನು. ಕೈಯಲ್ಲಿ ಮೀನನ್ನು ಹಿಡಿದು ನೋಡಿದವರಿಂದಲೇ ಈ ವ್ಯತ್ಯಾಸವು ಬರಬೇಕಲ್ಲದೆ ಕೋಶದಿಂದ ಬರಲಾರದು.

ಇದಕ್ಕಿಂತಲೂ ಬಲವಾದ ಪ್ರಮಾಣವು ಹೆಸರುಗಳಲ್ಲಿಯೇ ಇದೆ. ರೋಹಿತ, ಪಾಠೀನ ಮುಂತಾದ ಶುದ್ಧ ಸಂಸ್ಕೃತನಾಮಗಳ ಪಕ್ಕದಲ್ಲಿಯೇ ಯಾವ ವೈಯಾಕರಣನೂ ವ್ಯುತ್ಪತ್ತಿಯನ್ನು ಹೇಳಲಾರದ ದೇಶೀನಾಮಗಳು ಆ ಅಧ್ಯಾಯದಲ್ಲಿ ಕಿಕ್ಕಿರಿದಿವೆ. ಈ ವಿಷಯದಲ್ಲಿ ನಮ್ಮದೇ ಒಂದು ತಪ್ಪನ್ನು ವಾಚಕರಲ್ಲಿ ಒಪ್ಪಿಕೊಳ್ಳುವುದು ಉಚಿತವಾಗಿ ತೋರುವುದು. ಇಪ್ಪತ್ತೈದು ವರ್ಷಗಳ ಹಿಂದೆ ಈ ಅಧ್ಯಾಯವನ್ನು ಮೊದಲ ಸಲ ಓದಿದಾಗ ಸಮುದ್ರದ ಮೀನುಗಳಲ್ಲಿ ‘ಸೋರ’, ‘ಶೃಂಗಸೋರ’ ಎಂಬ ಹೆಸರುಗಳನ್ನು ಕಂಡು, ಇವು ಲಿಪಿಕಾರನ ಪ್ರಮಾದವೆಂದು ಬಗೆದು, ಪುಸ್ತಕದ ಅಂಚಿನಲ್ಲಿ ‘ಅಪಪಾಠ, ಶೂರ ಎಂದಿರಬೇಕು’ ಎಂದು ಬರೆದಿಟ್ಟೆವು. ಸಾಧುಶಬ್ದವೇ ಶಬ್ದವೆಂದು ಕಲಿತು ಬಂದವರಿಗೆ ಈ ತಿದ್ದುಪಡಿಯು ಎಷ್ಟೋ ಸಹಜವಾಗಿ ಕಂಡಿತು.

ಕೆಲವು ವರ್ಷಗಳ ತರುವಾಯ ಬೀದರಿನ ಸಂತೆಯಲ್ಲಿ ಒಣಮೀನು ಮಾರುವವರ ಸಾಲನ್ನು ದಾಟಿ ಹೋಗಬೇಕಾದ ಪ್ರಸಂಗವು ಒದಗಿತು. ಮೀನನ್ನು ಮುಟ್ಟದ ಮನೆತನದವರಾದುದರಿಂದ ಉತ್ತರೀಯವನ್ನು ಮೂಗಿಗೆ ಹಿಡಿದು ಅವಸರವಾಗಿ ನಡೆಯುತ್ತಿದ್ದೆವು. ಆಗ ತೆಲುಗು ಸೀಮೆಯ ಮುದುಕಿಯೊಬ್ಬಳು ಗಿರಾಕಿಗೆ ಒಂದು ತುಂಡನ್ನು ಎತ್ತಿ ತೋರಿಸಿ ‘ಸೊರ’ ಎಂದು ಹೇಳಿದುದು ಕಿವಿಗೆ ಬಿದ್ದಿತು. ನಿಂತು, ಅದೇನೆಂದು ಕೇಳಿದೆವು. ಅದು ಕಡಲಿನ ದೊಡ್ಡ ಮೀನೆಂದೂ, ಬಾಣಂತಿಯರಿಗೆ ಹಾಲು ಹೆಚ್ಚಲೆಂದು ಕೊಡುವರೆಂದೂ ಆಕೆಯು ತಿಳಿಸಿದಳು. ಪಂಡಿತರು ಬಂದು ತನ್ನ ಬುಟ್ಟಿಯ ಮುಂದೆ ನಿಂತುದಕ್ಕೆ ಆಕೆಗೆ ನಗುವು ಬಂದಿತು. ತೆಲುಗಿನಲ್ಲಿ ‘ಸೊರ’, ತಮಿಳಿನಲ್ಲಿ ‘ಸುಱಾ’ ಎಂಬುದು ತಿಮಿಂಗಿಲವಲ್ಲದ, ಹಲ್ಲಿನಿಂದ ಹರಿದು ತಿನ್ನುವ ಸಮುದ್ರದ ಹಿರಿಯ ಮೀನಿನ, ಎಂದರೆ ಇಂದಿನವರು ಶಾರ್ಕ್ ಎಂದು ಕರೆಯುವ ಮೀನಿನ ಹೆಸರು. ಹೋರಾ ಅವರೂ ಸೋರವನ್ನು ಹಾಗೆಯೇ ಗುರುತಿಸಿರುವರು. ಗ್ರಂಥಪಾಠವು ಸರಿಯಾಗಿಯೇ ಇತ್ತು. ಅಪಪಾಠವು ನಮ್ಮ ಅಂಚಿನ ಟಿಪ್ಪಣಿಯಲ್ಲಿತ್ತು.

ಇಲ್ಲಿ ಕನ್ನಡ ವಿದ್ವಾಂಸರಿಗೆ ಸ್ವಾರಸ್ಯವಾದ ಇನ್ನೊಂದು ಅಂಶವಿದೆ. ‘ಶೃಂಗಸೋರ’ವೆಂಬುದು ಸಂಸ್ಕೃತ ಪೂರ್ವಪದಕ್ಕೆ ದೇಶೀ ಉತ್ತರಪದವು ಸೇರಿದ ಸಮಾಸವು. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ಅರಿಸಮಾಸವೆಂದು ದೂಷಿಸಿದ ಬಗೆಯ ಪದವನ್ನು ಸರ್ವಜ್ಞಚಕ್ರವರ್ತಿಯು ಸಂಸ್ಕೃತದಲ್ಲಿಯೇ ನಿಸ್ಸಂಕೋಚವಾಗಿ ಪ್ರಯೋಗಿಸಿರುವನು. ಹೆಸರು ಗೊತ್ತಿರುವುದು ಮೀನುಗಾರನಿಗೆ, ಆದಕಾರಣ ಮೀನುಗಾರನ ಮಾತೇ ಪ್ರಮಾಣ ಎಂಬುದು ಆತನ ನಿಲುವಾಗಿದ್ದಿತೆಂದು ಇದರಿಂದ ಊಹಿಸಬಹುದು.

ಸಮುದ್ರದಿಂದ ಬಲುದೂರದಲ್ಲಿರುವ ಕಲ್ಯಾಣಕ್ಕೆ ಕಡಲ ಮೀನಿನ ಹೆಸರು ಬಂದುದಾದರೂ ಹೇಗೆ? ಪಶ್ಚಿಮದಲ್ಲಿ ಗೋವೆಯ ಕದಂಬರು ಚಾಲುಕ್ಯರ ಸಾಮಂತರಾಗಿದ್ದರು. ಅವರಲ್ಲಿ ಎರಡನೆಯ ಜಯಕೇಶಿಯು ಆರನೆಯ ವಿಕ್ರಮಾದಿತ್ಯನ ಮಗಳಾದ ಮೈಲಲದೇವಿಯ ಪತಿಯಾಗಿ, ಸೋಮೇಶ್ವರನಿಗೆ ಭಾವಮೈದುನನ ನಂಟುಳ್ಳವನಾಗಿದ್ದನು. ಪೂರ್ವದಲ್ಲಿ ವೇಂಗಿಯು ಕ್ರಿ. ಶ. ೧೧೧೮ರ ಸುಮಾರಿಗೆ ವಿಕ್ರಮಾದಿತ್ಯನ ವಶಕ್ಕೆ ಬಂದಿತ್ತು. ಸೋರವೆಂಬ ಹೆಸರು ತೆಲುಗು ತಮಿಳುಗಳಿಗೆ ಸೇರಿದುದಾದಕಾರಣ ಈ ಪದವಾದರೂ ಪೂರ್ವತೀರದಿಂದ ಬಂದಿರಬಹುದೆಂದು ನಮಗೆ ತೋರುವುದು. ಮಾಂಜರೆಯ ನೀರು ಗೋದಾವರಿಯನ್ನು ಕೂಡಿ ಸಮುದ್ರವನ್ನು ಸೇರುವುದೂ ಆ ತೀರದಲ್ಲಿಯೇ. ನೀರು ಇಳಿದುಹೋದ ದಾರಿಯಲ್ಲಿಯೇ ಮಾತು ಏರಿಬಂದಿತೆಂದರೆ ಅದರಲ್ಲಿ ಅಸಂಭವವೇನೂ ಇಲ್ಲ.

೫. ಮಾಂಜರಾ ತೀರದ ಸಾಕ್ಷ್ಯ

ಬಾಲಾಘಾಟದ ಬೆಟ್ಟಗಳಲ್ಲಿ ಹುಟ್ಟಿದ ಮಾಂಜರಾ ನದಿಯು ಬೀದರ ಜಿಲ್ಲೆಯನ್ನು ಹೊಕ್ಕು, ಭಾಲ್ಕಿ, ಔರಾದ ತಾಲ್ಲೂಕುಗಳನ್ನು ತಾಗಿ ಹರಿದು, ಮುಂದೆ ತೆಲುಗು ಸೀಮೆಗೆ ಸಾಗುವುದು. ಕಾರಂಜಾ ಅದರ ಉಪನದಿ. ಸೋಮೇಶ್ವರನ ರಾಜಧಾನಿಯಾದ ಕಲ್ಯಾಣವು, ಎಂದರೆ ಇಂದಿನ ಬಸವಕಲ್ಯಾಣವು, ಇದೇ ಜಿಲ್ಲೆಯಲ್ಲಿರುವುದರಿಂದ ಆತನ ಕಾಲದ ಸಿಹಿನೀರಿನ ಮೀನುಗಳನ್ನು ವಿಚಾರಿಸುವವನು ಈ ನದಿಗಳ ದಡಕ್ಕೆ ಹೋಗಲೇಬೇಕು. ಸಂತೆಯ ಮುದುಕಿಯಿಂದ ಪಾಠವನ್ನು ಕಲಿತ ಬಳಿಕ ನಾವೂ ಹೋದೆವು.

ಅದು ಆಶ್ವಯುಜಮಾಸ. ಮಳೆಗಾಲದಲ್ಲಿ ಎರೆಮಣ್ಣು ಕಲಸಿ ಕಪ್ಪಾಗಿ ಹರಿಯುವ ನದಿಯು ಶರತ್ತಿನಲ್ಲಿ ತಿಳಿಯಾಗುವುದು. ಕಾಳಿದಾಸನದೆಂದು ಪ್ರಸಿದ್ಧವಾದ ಋತುಸಂಹಾರದ ಶರದ್ವರ್ಣನೆಯಲ್ಲಿ ಮಿಂಚುವ ಶಫರಿಗಳನ್ನು ನದಿಯ ಒಡ್ಯಾಣವಾಗಿ ಕಂಡುದನ್ನು ನಾವು ಎಷ್ಟೋ ಸಲ ವಿದ್ಯಾರ್ಥಿಗಳಿಗೆ ಪಾಠ ಹೇಳಿದ್ದೆವು. ಆದರೆ ನೀರು ತಿಳಿಯಾದುದು ಮೀನಿಗೆ ಏನಾಗುವುದೆಂಬುದನ್ನು ಆಲೋಚಿಸಿರಲಿಲ್ಲ. ಔರಾದ ತಾಲ್ಲೂಕಿನ ಒಂದು ಮಡುವಿನ ಬಳಿ ಗಾಳ ಹಾಕಿ ಕುಳಿತಿದ್ದ ಮುದುಕನಾದ ಅಂಬಿಗನು ಅದನ್ನು ಹೇಳಿದನು. ಬಗ್ಗಡದ ನೀರಿನಲ್ಲಿ ಮೀನು ವಾಸನೆಯಿಂದ ತಿನ್ನುವುದು, ತಿಳಿನೀರಿನಲ್ಲಿ ಕಣ್ಣಿನಿಂದ ತಿನ್ನುವುದು, ಆದ್ದರಿಂದ ಕಾರ್ತಿಕ ಬಂದಂತೆ ಕುಳಿತವನ ನೆರಳು ಸಹ ನೀರಿನ ಮೇಲೆ ಬೀಳಬಾರದು ಎಂದನು. ಆತನ ಬಳಿ ಮೂರು ಬಗೆಯ ಎರೆಗಳಿದ್ದುವು: ಒಂದು ಮಡಕೆಯ ಚೂರಿನಲ್ಲಿ ಎರೆಹುಳು, ಎಲೆಯಲ್ಲಿ ಹಿಟ್ಟಿನ ಉಂಡೆ, ನೀರಿನ ಡಬ್ಬಿಯಲ್ಲಿ ಜೀವವಿರುವ ಮರಿಮೀನು. ಈ ಮೂರನೆಯದು ಮರಲ್ ಮೀನಿಗಾಗಿ. ಅದು ಸತ್ತುದನ್ನು ಒಲ್ಲದು, ಮುಂದೆ ಓಡುವುದನ್ನೇ ಬೆನ್ನಟ್ಟಿ ಹಿಡಿಯುವುದು. ಇಷ್ಟೊಂದು ಭೇದವೇಕೆಂದು ನಾವು ಕೇಳಿದುದಕ್ಕೆ ಆತನ ಉತ್ತರವು ಹೀಗಿತ್ತು: ‘ಮೀನಿಗಿ ಏನ್ ಬೇಕೋ ಅದು ಹಾಕ್ಬೇಕ್ರಿ ಅಯ್ಯನೋರೆ, ನಮ್ಮ ಮನ್ಯಾಗ ಏನ್ ಅದ ಅದಲ್ಲ.’

ಎಂಟುನೂರ ತೊಂಬತ್ತಕ್ಕೆ ಹೆಚ್ಚು ವರ್ಷಗಳ ಹಿಂದಿನ ರಾಜಗ್ರಂಥದ ಸಾರಾಂಶವು ಈ ಒಂದು ವಾಕ್ಯದಲ್ಲಿ ಅಡಗಿದೆ. ಆತನು ಮಾನಸೋಲ್ಲಾಸದ ಹೆಸರನ್ನು ಕೇಳಿದವನಲ್ಲ. ಗ್ರಂಥದಿಂದ ಈ ಜ್ಞಾನವು ಆತನಿಗೆ ಇಳಿದು ಬಂದಿರಲಾರದು. ಆತನ ಪೂರ್ವಿಕರಂಥವರಿಂದ ಗ್ರಂಥಕ್ಕೆ ಏರಿ ಹೋಯಿತೆನ್ನುವುದೇ ಯುಕ್ತವಾದುದು.

೬. ಪರದೇಶದ ಗಾಳಶಾಸ್ತ್ರದೊಡನೆ ತೂಗಿನೋಡಿದರೆ

ಇನ್ನು ಮೊಟ್ಟಮೊದಲನೆಯ ಶಾಸ್ತ್ರವೆಂಬ ಹೊಗಳಿಕೆಯ ವಿಚಾರ. ಗ್ರೀಕ್ ಭಾಷೆಯಲ್ಲಿ ಒಪ್ಪಿಯನ್ ಎಂಬ ಕವಿಯು ಕ್ರಿಸ್ತಶಕದ ಎರಡನೆಯ ಶತಮಾನದಲ್ಲಿಯೇ ಮೀನುಬೇಟೆಯನ್ನು ಕುರಿತು ಐದು ಖಂಡಗಳ ಕಾವ್ಯವನ್ನು ಬರೆದಿರುವನು. ಕ್ರಿ. ಶ. ೨೦೦ರ ಆಚೀಚೆಗೆ ಈಲಿಯನ್ ಎಂಬ ಗ್ರಂಥಕರ್ತನು ಮೆಸಿಡೋನಿಯದ ಜನರು ಗಾಳಕ್ಕೆ ಕೆಂಪು ಉಣ್ಣೆಯನ್ನು ಸುತ್ತಿ, ಹುಂಜದ ಎರಡು ಗರಿಗಳನ್ನು ಕಟ್ಟಿ, ನೊಣವೆಂಬ ಭ್ರಾಂತಿಯನ್ನು ಹುಟ್ಟಿಸಿ ಮೀನನ್ನು ಹಿಡಿಯುತ್ತಿದ್ದುದನ್ನು ವರ್ಣಿಸಿರುವನು. ಆದಕಾರಣ ನಮ್ಮ ಗ್ರಂಥಕ್ಕೆ ಲೋಕಪ್ರಾಥಮ್ಯವನ್ನು ಹೇಳುವುದು ಸತ್ಯಕ್ಕೆ ಸಲ್ಲದು. ಆದರೆ ಇಂಗ್ಲಿಷಿನಲ್ಲಿ ಗಾಳವನ್ನು ಕುರಿತ ಮೊದಲ ಪ್ರಬಂಧವು ಅಚ್ಚಾದುದು ೧೪೯೬ರಲ್ಲಿ, ವಾಲ್ಟನ್ನನ ಪ್ರಸಿದ್ಧ ಗ್ರಂಥವು ಹೊರಬಂದುದು ೧೬೫೩ರಲ್ಲಿ. ಇವೆರಡಕ್ಕಿಂತಲೂ ಸೋಮೇಶ್ವರನು ಶತಮಾನಗಳಷ್ಟು ಹಿಂದಿನವನೆಂಬುದು ನಿರ್ವಿವಾದವು. ಇಷ್ಟು ಹೇಳಿದರೆ ಆತನ ಗೌರವಕ್ಕೆ ಸಾಕು.

ಪಾಶ್ಚಾತ್ಯರ ಮಾರ್ಗವು ಮುಂದೆ ಬೇರೆಯಾಗಿ ಬೆಳೆಯಿತು. ಅವರ ತಣ್ಣೀರಿನ ತೊರೆಗಳ ಟ್ರೌಟ್ ಎಂಬ ಮೀನಿಗಾಗಿ ಗರಿ, ರೋಮ, ದಾರಗಳಿಂದ ಹುಸಿನೊಣಗಳನ್ನು ಕಟ್ಟುವ ಕಲೆಯೊಂದು ಸಿದ್ಧವಾಯಿತು. ಅದರಲ್ಲಿ ‘ಸ್ಟ್ರೀಮರ್’ ಎಂಬ ಒಂದು ಬಗೆಯುಂಟು. ಅದು ನೊಣವನ್ನಲ್ಲ, ನೀರಿನಲ್ಲಿ ಓಡುವ ಮರಿಮೀನನ್ನು ಹೋಲುವಂತೆ ನೀಳವಾದ ಗರಿಯಿಂದಲೋ ರೋಮದಿಂದಲೋ ಮಾಡಿದ ಎರೆ. ಶರತ್ಕಾಲದಲ್ಲಿ ಕಂದುಬಣ್ಣದ ಟ್ರೌಟ್ ಮೊಟ್ಟೆಯಿಡುವ ಕಾಲವು ಸಮೀಪಿಸಿ, ಗಂಡುಮೀನುಗಳು ಕೋಪಿಷ್ಠವಾಗಿ ಎದುರಿಗೆ ಬಂದ ಸಣ್ಣಮೀನನ್ನು ಅಟ್ಟುವುವು. ಆಗ ಈ ಹುಸಿಮರಿಯನ್ನು ಹಗ್ಗದ ಎಳೆತದಿಂದ ಜೀವವಿರುವಂತೆ ಆಡಿಸುವರು. ಔರಾದದ ಅಂಬಿಗನು ಮರಲಿಗಾಗಿ ಬಿಟ್ಟ ಜೀವಂತ ಮರಿಮೀನಿಗೂ ಈ ಗರಿಯ ಮರಿಮೀನಿಗೂ ತತ್ತ್ವದಲ್ಲಿ ಭೇದವಿಲ್ಲ. ಒಂದು ನಿಜ, ಇನ್ನೊಂದು ಆಭಾಸ. ನ್ಯಾಯಶಾಸ್ತ್ರವನ್ನು ಓದಿದವರು ಶುಕ್ತಿಯಲ್ಲಿ ರಜತಭ್ರಾಂತಿಯನ್ನು ನೆನೆಯಬಹುದು. ಭ್ರಾಂತಿಯನ್ನು ಹುಟ್ಟಿಸಬೇಕಾದವನಿಗೂ ಮೊದಲು ನಿಜದ ಜ್ಞಾನವಿರಲೇಬೇಕು.

ಟ್ರೌಟ್ ನಮ್ಮ ಮಾಂಜರೆಯ ಮೀನಲ್ಲ. ದಖ್ಖನದ ಬೇಸಗೆಯ ನೀರಿನಲ್ಲಿ ಅದು ಬದುಕಲಾರದು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ಇಂಗ್ಲಿಷರು ಅದನ್ನು ತಂದು ಬಿಟ್ಟುದು ನೀಲಗಿರಿಯಂಥ ತಂಪಾದ ಬೆಟ್ಟಗಳ ತೊರೆಗಳಿಗೆ. ಆದರೆ ಆ ಮಾರ್ಗದ ಗ್ರಂಥವೊಂದು ಕರ್ಣಾಟಕದಲ್ಲಿಯೇ ಹುಟ್ಟಿತೆಂಬುದು ಸ್ಮರಣೀಯವು. ಮದರಾಸು ಆಧಿಪತ್ಯದ ಅಧಿಕಾರಿಯಾಗಿದ್ದ ಎಚ್. ಎಸ್. ಥಾಮಸ್ ಎಂಬವರ ‘ದಿ ರಾಡ್ ಇನ್ ಇಂಡಿಯಾ’ ಎಂಬ ಗ್ರಂಥವು ೧೮೭೩ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅದರಲ್ಲಿ ಅಗ್ರಸ್ಥಾನವು ಮಹಸೀರ್ ಮೀನಿಗೆ ಸಂದಿದೆ. ಮತ್ಸ್ಯವಿನೋದದಲ್ಲಿ ‘ಮಹಾಶೀರ’ವೆಂಬ ಹೆಸರು ಬರುವುದನ್ನು ವಾಚಕರು ಇದರೊಡನೆ ಹೋಲಿಸಬೇಕು. ಹೊಸ ಆಂಗ್ಲಗ್ರಂಥವೂ ಹಳೆಯ ರಾಜಗ್ರಂಥವೂ ಒಂದೇ ಹೆಸರನ್ನು ಹಿಡಿದು ನಿಂತಿವೆ. ನಡುವಣ ಏಳು ಶತಮಾನಗಳ ಕಾಲ ಆ ಹೆಸರನ್ನು ಕಾಪಾಡಿದವರು ಪಂಡಿತರಲ್ಲ, ನದಿಯ ದಡದ ಜನರು. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲುಗಳ ಮೇಲೆ ನಿಂತು ಯಾತ್ರಿಕರು ಇಂದಿಗೂ ಈ ಕುಲದ ಮೀನುಗಳಿಗೆ ಆಹಾರವನ್ನು ಹಾಕುವರು. ಅಲ್ಲಿ ಗಾಳವು ನಿಷಿದ್ಧ. ಮತ್ಸ್ಯವಿನೋದದ ಪೂರ್ವಾರ್ಧವು ಉತ್ತರಾರ್ಧವನ್ನು ತೊರೆದು ಧರ್ಮವಾಗಿ ಉಳಿದುದಕ್ಕೆ ಇದು ನಿದರ್ಶನವು.

೭. ಉಪಸಂಹಾರ

ಶಾಕುಂತಲದ ಆರನೆಯ ಅಂಕದಲ್ಲಿ ರೋಹಿತಮತ್ಸ್ಯದ ಉದರದಿಂದ ಉಂಗುರವನ್ನು ತೆಗೆದ ಧೀವರನೊಬ್ಬನು ಬರುವನು. ಆತನನ್ನು ರಕ್ಷಕಭಟರು ಕಟ್ಟಿ ತಂದು ಹಾಸ್ಯಮಾಡುವರು. ಆತನು ಪ್ರಾಕೃತದಲ್ಲಿ ಮಾತನಾಡಿ ತನ್ನ ಕುಲವೃತ್ತಿಯನ್ನು ಸಮರ್ಥಿಸಿಕೊಳ್ಳುವನು. ನಾಟಕದಲ್ಲಿ ಧೀವರನಿಗೆ ತನ್ನ ಮಾತು ಉಂಟು. ಮಾನಸೋಲ್ಲಾಸವು ಶಾಸ್ತ್ರಗ್ರಂಥವಾದುದರಿಂದ ಅಲ್ಲಿ ಮಾತನಾಡುವವನು ಅರಸನೊಬ್ಬನೇ. ಆದರೆ ಅರಸನ ಶ್ಲೋಕಗಳಲ್ಲಿ ಧೀವರನ ಶಬ್ದಗಳು ಹಾಗೆಯೇ ಉಳಿದಿವೆ. ಸೋಮೇಶ್ವರನು ಅವುಗಳನ್ನು ತಿದ್ದಲಿಲ್ಲ. ಆತನ ಸರ್ವಜ್ಞತ್ವಕ್ಕೆ ನಮಗೆ ತೋರುವ ಅತ್ಯುತ್ತಮ ಪ್ರಮಾಣವು ಇದೇ. ತನಗೆ ತಿಳಿಯದುದನ್ನು ತಿಳಿದವರ ಬಾಯಿಂದಲೇ ಪಡೆದು, ಅವರ ಮಾತಿನಲ್ಲಿಯೇ ಇಟ್ಟನು.

ಆತನು ತೀರಿಕೊಂಡ ಕೆಲವೇ ದಶಕಗಳಲ್ಲಿ ಅದೇ ಕಲ್ಯಾಣದ ಶರಣರ ನಡುವೆ ಅಂಬಿಗರ ಚೌಡಯ್ಯನು ತನ್ನ ಕುಲದ ಹೆಸರನ್ನೇ ಅಂಕಿತವಾಗಿ ಇಟ್ಟುಕೊಂಡು ಕನ್ನಡದಲ್ಲಿ ವಚನಗಳನ್ನು ಹೇಳಿದನು. ರಾಜಗ್ರಂಥದಲ್ಲಿ ಶಬ್ದಮಾತ್ರವಾಗಿ ನಿಂತಿದ್ದ ನೀರಿನ ಜನರು ಅಲ್ಲಿ ಸ್ವತಃ ವಾಕ್ಕಾದರು. ಕಲ್ಯಾಣದ ಇತಿಹಾಸವನ್ನು ಬರೆಯುವವರು ಈ ಎರಡನ್ನೂ ಒಟ್ಟಿಗೆ ಓದಬೇಕೆಂಬುದು ನಮ್ಮ ಅಭಿಪ್ರಾಯವು.

ಕಡೆಯದಾಗಿ ಒಂದು ವಿಜ್ಞಾಪನೆ. ಮತ್ಸ್ಯವಿನೋದದ ದೇಶೀನಾಮಗಳಲ್ಲಿ ಹಲವನ್ನು ಇನ್ನೂ ಜೀವಂತ ಭಾಷೆಯೊಡನೆ ತಾಳೆನೋಡಬೇಕಾಗಿದೆ. ಬೀದರ, ಭಾಲ್ಕಿ, ಔರಾದ ಸೀಮೆಯ ಅಧ್ಯಾಪಕರು ತಮ್ಮ ಊರಿನ ಅಂಬಿಗರನ್ನೂ ಕೋಳಿ ಜನರನ್ನೂ ಕೇಳಿ, ಮೀನಿನ ಹೆಸರು, ಅದು ತಿನ್ನುವ ಆಹಾರ, ಅದು ಸಿಕ್ಕುವ ಕಾಲ ಇವುಗಳನ್ನು ಬರೆದಿಟ್ಟರೆ ಗ್ರಂಥಸಂಪಾದನೆಗೆ ಮಹೋಪಕಾರವಾಗುವುದು. ಅಣೆಕಟ್ಟುಗಳು ಬಂದು, ಸಾಕಣೆಯ ಮೀನುಗಳು ಹೆಚ್ಚಿ, ಹಳೆಯ ಮೀನುಗಳೊಡನೆ ಹಳೆಯ ಹೆಸರುಗಳೂ ಬಳಕೆ ತಪ್ಪುತ್ತಿರುವುವು. ಈ ಕಾರ್ಯಕ್ಕೆ ಹೊರಡುವವರು ಉ‍ತ್ತರೀಯವನ್ನು ಮೂಗಿನಿಂದ ತೆಗೆದು ಹೋಗಬೇಕೆಂದು ಮಾತ್ರ ಅನುಭವದಿಂದ ಅರಿಕೆಮಾಡಿಕೊಳ್ಳುತ್ತೇವೆ. ನಮ್ಮ ಪುಸ್ತಕದ ಅಂಚಿನಲ್ಲಿದ್ದ ಟಿಪ್ಪಣಿಯನ್ನು ನಾವು ಅಳಿಸಿಲ್ಲ. ಅದರ ಕೆಳಗೆ ‘ಸೋರ ಎಂಬುದೇ ಸರಿ, ಬೀದರ ಸಂತೆ’ ಎಂದು ಬರೆದಿಟ್ಟಿದ್ದೇವೆ.